ಹಠಮಾರಿ ಸ್ನಾಯುರಜ್ಜು ನೋವು: ಶಸ್ತ್ರಚಿಕಿತ್ಸೆಗೆ ಮುನ್ನ

ಜ್ವರ ಬಂದರೆ ಮನೆಮಂದಿಯೆಲ್ಲ ಎಚ್ಚರಗೊಳ್ಳುತ್ತಾರೆ. ಕೈ ಮುರಿದರೆ ನೆಂಟರಿಷ್ಟರು ಬಂದು ನೋಡಿಕೊಂಡು ಹೋಗುತ್ತಾರೆ. ಆದರೆ ರೊಟ್ಟಿ ಬಡಿಯುವಾಗ, ಬಟ್ಟೆ ಹಿಂಡುವಾಗ, ನೀರಿನ ಕೊಡ ಎತ್ತುವಾಗ ಮೊಣಕೈಯಲ್ಲಿ ಚಳಕ್ಕನೆ ಹುಟ್ಟಿ, ಕೈಯನ್ನು ಸುಮ್ಮನಿಟ್ಟೊಡನೆ ಅಡಗಿಬಿಡುವ ನೋವನ್ನು ಯಾರೂ ರೋಗವೆಂದು ಎಣಿಸುವುದಿಲ್ಲ. ಹೊರಗೆ ಬಾವಿಲ್ಲ, ಗಾಯವಿಲ್ಲ. ಎಕ್ಸ್‌ರೇ ತೆಗೆಸಿದರೆ ಮೂಳೆ ನೆಟ್ಟಗಿದೆ. ‘ವಯಸ್ಸಾಯಿತು, ವಾಯು ಇರಬೇಕು’ ಎಂಬ ಮಾತಿನಲ್ಲಿ ವಿಷಯ ಮುಗಿದುಹೋಗುತ್ತದೆ. ನೋವುಂಡವರು ಮಾತ್ರ ತಿಂಗಳುಗಟ್ಟಲೆ ಹಲ್ಲುಕಚ್ಚಿ ಕೆಲಸ ಮಾಡುತ್ತಾರೆ. ಕೊನೆಗೆ ಒಂದು ದಿನ ಚಹಾದ ಬಟ್ಟಲು ಕೈಯಿಂದ ಜಾರಿ ಬಿದ್ದಾಗ ವೈದ್ಯರ ಬಳಿಗೆ ಬರುತ್ತಾರೆ.

ಮೊಣಕೈಯ ಹೊರಬದಿ, ಹೆಬ್ಬೆರಳಿನ ಬುಡ, ಹೆಗಲು, ಮಂಡಿಚಿಪ್ಪಿನ ಕೆಳಭಾಗ, ಹಿಮ್ಮಡಿಯ ಮೇಲ್ಭಾಗ, ಈ ಐದು ಸ್ಥಳಗಳಲ್ಲಿ ಕಾಣಿಸಿಕೊಳ್ಳುವ ಇಂತಹ ನೋವಿಗೆ ಅನೇಕ ವೇಳೆ ಸ್ನಾಯುರಜ್ಜುಗಳೇ ಕಾರಣ. ಈ ನೋವಿನ ಸ್ವರೂಪವನ್ನು ಕುರಿತ ವೈದ್ಯಶಾಸ್ತ್ರದ ತಿಳಿವಳಿಕೆ ಕಳೆದ ಮೂರು ನಾಲ್ಕು ದಶಕಗಳಲ್ಲಿ ಬಹುವಾಗಿ ಬದಲಾಗಿದೆ. ಬಹುತೇಕ ರೋಗಿಗಳಿಗೆ ಶಸ್ತ್ರಚಿಕಿತ್ಸೆಯ ಅಗತ್ಯವೇ ಬೀಳುವುದಿಲ್ಲವೆಂಬುದೂ, ಚಿಕಿತ್ಸೆಯ ಮುಖ್ಯ ಭಾಗವನ್ನು ಮನೆಯಲ್ಲಿಯೇ ನಡೆಸಬಹುದೆಂಬುದೂ ಈಗ ಸ್ಪಷ್ಟವಾಗಿದೆ. ಈ ಸಂಚಿಕೆಯಲ್ಲಿ ಆ ವಿಷಯವನ್ನು ವಿಚಾರಿಸೋಣ.

ಸ್ನಾಯುರಜ್ಜು ಎಂದರೇನು?

ಸ್ನಾಯುವಿಗೆ ಎಳೆಯುವ ಶಕ್ತಿಯಿದೆ; ಮೂಳೆಗೆ ಚಲಿಸುವ ಅನುಕೂಲವಿದೆ. ಇವೆರಡನ್ನೂ ಬೆಸೆದು, ಸ್ನಾಯುವಿನ ಎಳೆತವನ್ನು ಮೂಳೆಗೆ ಮುಟ್ಟಿಸುವ ಬಿಳಿಯ, ಹೊಳಪುಳ್ಳ, ಗಟ್ಟಿಯಾದ ಹುರಿಯೇ ಸ್ನಾಯುರಜ್ಜು. ಕೊಲ್ಯಾಜನ್ ಎಂಬ ಸಸಾರಜನಕದ ಎಳೆಗಳು ಒಂದರ ಪಕ್ಕಕ್ಕೊಂದು ನೇರವಾಗಿ ಜೋಡಣೆಗೊಂಡು ಈ ಹುರಿ ಆಗಿದೆ. ಹಿಮ್ಮಡಿಯ ಮೇಲೆ ಕೈಗೆ ಹತ್ತುವ ಅಕಿಲೀಸ್ ರಜ್ಜು ನಮ್ಮ ದೇಹದಲ್ಲಿಯೇ ಅತ್ಯಂತ ದಪ್ಪನೆಯದು, ಅತ್ಯಂತ ಬಲವಾದದ್ದು.

ಸ್ನಾಯುವಿಗೆ ಇರುವಷ್ಟು ರಕ್ತಸಂಚಾರ ರಜ್ಜುವಿಗೆ ಇಲ್ಲ. ಆದಕಾರಣ ಅದರ ದುರಸ್ತಿ ಕೆಲಸ ಬಹಳ ನಿಧಾನ. ಎಷ್ಟು ನಿಧಾನವೆಂಬುದನ್ನು ಡೆನ್ಮಾರ್ಕಿನ ವಿಜ್ಞಾನಿಗಳು 2013ರಲ್ಲಿ ಒಂದು ಸ್ವಾರಸ್ಯಕರ ಸಂಶೋಧನೆಯಿಂದ ತೋರಿಸಿಕೊಟ್ಟರು. 1955ರಿಂದ 1963ರವರೆಗೆ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಒಂದು ಬಗೆಯ ವಿಕಿರಣಶೀಲ ಇಂಗಾಲದ ಪ್ರಮಾಣ ಹೆಚ್ಚಾಗಿತ್ತು. ಆ ಇಂಗಾಲ ಆಹಾರದ ಮೂಲಕ ಎಲ್ಲರ ದೇಹವನ್ನೂ ಸೇರಿತ್ತು. ಅಕಿಲೀಸ್ ರಜ್ಜುವಿನ ಒಳತಿರುಳಿನಲ್ಲಿ ಅದರ ಪ್ರಮಾಣವನ್ನು ಅಳೆದು ನೋಡಿದಾಗ, ಆ ತಿರುಳು ಸುಮಾರು ಹದಿನೇಳನೆಯ ವಯಸ್ಸಿನೊಳಗೆ ರೂಪುಗೊಂಡು, ಅನಂತರ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆಂದು ತಿಳಿದುಬಂತು. ಅಂದರೆ ಹರೆಯದಲ್ಲಿ ಹೊಸೆದ ಹುರಿಯನ್ನೇ ನಾವು ಮುಪ್ಪಿನವರೆಗೂ ಬಳಸುತ್ತೇವೆ. ಈ ನೋವು ಒಂದು ವಾರದಲ್ಲಿ ಹೋಗಬೇಕೆಂದು ಬಯಸುವುದು ಏಕೆ ತಪ್ಪೆಂಬುದು ಇದರಿಂದ ಅರ್ಥವಾಗುತ್ತದೆ.

ಉರಿಯೂತವಲ್ಲ, ಸವೆತ

ಹಿಂದೆ ಈ ನೋವನ್ನು ರಜ್ಜುವಿನ ಉರಿಯೂತವೆಂದು ತಿಳಿಯಲಾಗಿತ್ತು. ಉರಿಯೂತವಾದರೆ ಅದನ್ನು ತಗ್ಗಿಸುವ ಮಾತ್ರೆ, ಸೂಜಿಮದ್ದು ಮತ್ತು ಸಂಪೂರ್ಣ ವಿಶ್ರಾಂತಿಯೇ ಚಿಕಿತ್ಸೆ ಎಂಬುದು ಸಹಜವಾದ ತರ್ಕ. ಆದರೆ 1979ರಲ್ಲಿ ಅಮೆರಿಕದ ಶಸ್ತ್ರವೈದ್ಯ ರಾಬರ್ಟ್ ನಿರ್ಶ್ಲ್ ಮತ್ತು ಅವರ ಸಹೋದ್ಯೋಗಿ ಪೆಟ್ರೋನ್ ಅವರು ಮೊಣಕೈಯ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ರಜ್ಜುವಿನ ತುಣುಕುಗಳ ಸ್ವರೂಪವನ್ನು ವರ್ಣಿಸಿದರು. ಅಲ್ಲಿ ಉರಿಯೂತದ ಕಣಗಳಿಗಿಂತ ಹೆಚ್ಚಾಗಿ ಕಂಡದ್ದು ಅಡ್ಡಾದಿಡ್ಡಿಯಾಗಿ ಬೆಳೆದ ಎಳೆಗಳು, ಹೊಸದಾಗಿ ಹುಟ್ಟಿದ ಸಣ್ಣ ರಕ್ತನಾಳಗಳು. ಅನಂತರದ ಅಧ್ಯಯನಗಳೂ ಇದನ್ನೇ ಸಮರ್ಥಿಸಿದವು. ಉರಿಯೂತದ ಪಾತ್ರ ಸ್ವಲ್ಪವೂ ಇಲ್ಲವೆಂದಲ್ಲ. ಆದರೆ ಹಳೆಯ ನೋವಿನ ಮೂಲ ಸಮಸ್ಯೆ ಸವೆತ ಮತ್ತು ಅರೆಬರೆ ದುರಸ್ತಿ.

ಬಾವಿಯ ಹಗ್ಗವನ್ನು ನೆನಪಿಸಿಕೊಳ್ಳಿ. ದಿನವೂ ರಾಟೆಯ ಮೇಲೆ ಹರಿದಾಡಿ ಒಂದು ಕಡೆ ಅದರ ಎಳೆಗಳು ಬಿಚ್ಚಿಕೊಳ್ಳುತ್ತವೆ. ಹಗ್ಗಕ್ಕೂ ದೇಹದ ರಜ್ಜುವಿಗೂ ಇರುವ ವ್ಯತ್ಯಾಸವೆಂದರೆ ರಜ್ಜುವಿನಲ್ಲಿ ಜೀವವಿದೆ. ಅದರೊಳಗಿನ ಜೀವಕೋಶಗಳು ತಮ್ಮ ಮೇಲೆ ಬೀಳುವ ಎಳೆತವನ್ನು ಗುರುತಿಸಿ, ಅದಕ್ಕೆ ತಕ್ಕಂತೆ ಹೊಸ ಕೊಲ್ಯಾಜನ್ ತಯಾರಿಸುತ್ತವೆ. ಭಾರ ಅತಿಯಾದರೆ ದುರಸ್ತಿ ಹಿಂದೆ ಬೀಳುತ್ತದೆ; ಭಾರವೇ ಇಲ್ಲದಿದ್ದರೆ ರಜ್ಜು ಇನ್ನಷ್ಟು ದುರ್ಬಲವಾಗುತ್ತದೆ. ಹದವಾದ ಭಾರ ಬಿದ್ದಾಗ ಮಾತ್ರ ಅದು ಬಲಗೊಳ್ಳುತ್ತದೆ. ಇಂದಿನ ಚಿಕಿತ್ಸೆಯೆಲ್ಲ ಈ ಒಂದು ತತ್ತ್ವದ ಮೇಲೆ ನಿಂತಿದೆ.

ಟೆನಿಸ್ ಆಡದವರಿಗೂ ಟೆನಿಸ್ ಎಲ್ಬೋ

ಮೊಣಕೈಯ ಹೊರಬದಿಯ ನೋವನ್ನು 1873ರಲ್ಲಿ ಜರ್ಮನಿಯ ವೈದ್ಯ ರುಂಗೆ ಮೊದಲಿಗೆ ವರ್ಣಿಸಿದಾಗ ಅದನ್ನು ಬರೆಯುವವರ ಕೈನೋವಿನೊಡನೆ ಸೇರಿಸಿದ್ದನು. ಹತ್ತು ವರ್ಷಗಳ ಅನಂತರ ಇಂಗ್ಲೆಂಡಿನಲ್ಲಿ ಅದಕ್ಕೆ ಟೆನಿಸ್ ಆಟದ ಹೆಸರು ಅಂಟಿಕೊಂಡಿತು. 2004ರಲ್ಲಿ ಸಚಿನ್ ತೆಂಡೂಲ್ಕರ್ ಅವರನ್ನು ಈ ನೋವು ಕಾಡಿ, 2005ರಲ್ಲಿ ಅವರು ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ ‘ಟೆನಿಸ್ ಎಲ್ಬೋ’ ಎಂಬ ಮಾತು ನಮ್ಮ ಹಳ್ಳಿಗಳ ಕಟ್ಟೆಗಳ ಮೇಲೂ ಕೇಳಿಬಂತು. ಆದರೆ ಇದರಿಂದ ನರಳುವವರಲ್ಲಿ ಹೆಚ್ಚಿನವರು ಟೆನಿಸ್ ದಾಂಡನ್ನು ಮುಟ್ಟಿದವರಲ್ಲ. ಮೂವತ್ತೈದರಿಂದ ಐವತ್ತೈದರ ವಯಸ್ಸಿನ ಗೃಹಿಣಿಯರು, ಹೊಲಿಗೆಯವರು, ಬಡಗಿಗಳು, ಗಾರೆ ಕೆಲಸದವರು, ಕುಡುಗೋಲು ಹಿಡಿದು ಕಳೆ ತೆಗೆಯುವವರು, ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವರು, ಇವರಲ್ಲಿಯೇ ಇದು ಹೆಚ್ಚು.

ಕಾರಣ ಸರಳವಾಗಿದೆ. ಯಾವುದೇ ವಸ್ತುವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯಬೇಕಾದರೆ ಮಣಿಕಟ್ಟು ಸ್ಥಿರವಾಗಿ ನಿಲ್ಲಬೇಕು. ಅದನ್ನು ನಿಲ್ಲಿಸುವ ಸ್ನಾಯುಗಳ ರಜ್ಜು ಮೊಣಕೈಯ ಹೊರಬದಿಯ ಮೂಳೆಯ ಗುಬುಟಿಗೆ ಅಂಟಿಕೊಂಡಿದೆ. ಆದುದರಿಂದ ಕೆಲಸ ಅಂಗೈಯಲ್ಲಿ ನಡೆದರೂ ನೋವು ಮೊಣಕೈಯಲ್ಲಿ ಕಾಣುತ್ತದೆ. ಅಂಗೈಯನ್ನು ಕೆಳಮುಖ ಮಾಡಿ ತಂಬಿಗೆ ಎತ್ತಿದಾಗ ನೋವು ಹೆಚ್ಚಾಗುವುದೂ, ಅಂಗೈಯನ್ನು ಮೇಲ್ಮುಖ ಮಾಡಿ ಎತ್ತಿದಾಗ ಕಡಿಮೆಯಾಗುವುದೂ ಇದೇ ಕಾರಣಕ್ಕೆ. ಮನೆಯಲ್ಲಿಯೇ ಮಾಡಿ ನೋಡಬಹುದಾದ ಪರೀಕ್ಷೆ ಇದು.

ಸಕ್ಕರೆ ಕಾಯಿಲೆ ಮತ್ತು ಧೂಮಪಾನ ಇಂತಹ ನೋವುಗಳಿಗೆ ಒತ್ತಾಸೆಯಾಗಿ ನಿಲ್ಲುತ್ತವೆ. ರಕ್ತದಲ್ಲಿ ಕೊಬ್ಬಿನಂಶ ಹೆಚ್ಚಿರುವವರಲ್ಲಿಯೂ ರಜ್ಜುಗಳ ತೊಂದರೆ ಹೆಚ್ಚಾಗಿ ಕಂಡುಬರುತ್ತದೆ. ಹಲವು ಸ್ಥಳಗಳಲ್ಲಿ ರಜ್ಜು ನೋವು ಕಾಣಿಸಿಕೊಂಡವರು ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು.

ಸೂಜಿಮದ್ದಿನ ಸುಖ ಎಷ್ಟು ದಿನ?

‘ಮುಂದಿನ ತಿಂಗಳು ಮನೆಯಲ್ಲಿ ಮದುವೆ ಇದೆ, ಒಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟರೇ’ ಎಂಬ ಕೋರಿಕೆಯನ್ನು ಕೇಳದ ವೈದ್ಯರಿಲ್ಲ. ನೋವಿರುವ ಜಾಗಕ್ಕೆ ಸ್ಟೀರಾಯ್ಡ್ ಚುಚ್ಚಿದರೆ ಕೆಲವೇ ದಿನಗಳಲ್ಲಿ ನೋವು ಇಳಿಯುವುದು ನಿಜ. ಆದರೆ ಮುಂದೇನಾಗುತ್ತದೆ?

ನೆದರ್ಲೆಂಡ್ಸಿನಲ್ಲಿ 185 ಟೆನಿಸ್ ಎಲ್ಬೋ ರೋಗಿಗಳನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಸ್ಟೀರಾಯ್ಡ್ ಸೂಜಿಮದ್ದು, ಇನ್ನೊಂದಕ್ಕೆ ಫಿಸಿಯೋಥೆರಪಿ, ಮೂರನೆಯ ಗುಂಪಿಗೆ ಸಲಹೆ ಮಾತ್ರ ನೀಡಿ ಕಾದು ನೋಡಲಾಯಿತು. ಆರು ವಾರಗಳ ಅನಂತರ ಸೂಜಿಮದ್ದು ಪಡೆದವರಲ್ಲಿ ನೂರಕ್ಕೆ 92 ಮಂದಿ ಗುಣ ಕಂಡಿದ್ದರು. ಫಿಸಿಯೋಥೆರಪಿಯವರಲ್ಲಿ 47, ಕಾದು ನೋಡಿದವರಲ್ಲಿ 32 ಮಂದಿ ಮಾತ್ರ. ಇಲ್ಲಿಗೇ ಲೆಕ್ಕ ನಿಲ್ಲಿಸಿದರೆ ಸೂಜಿಗೇ ಜಯ. ಆದರೆ ಒಂದು ವರ್ಷದ ಕೊನೆಗೆ ಚಿತ್ರ ತಲೆಕೆಳಗಾಗಿತ್ತು: ಸೂಜಿಮದ್ದಿನವರಲ್ಲಿ 69, ಫಿಸಿಯೋಥೆರಪಿಯವರಲ್ಲಿ 91, ಕಾದು ನೋಡಿದವರಲ್ಲಿ 83.

ಆಸ್ಟ್ರೇಲಿಯಾದಲ್ಲಿ 165 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೂ ಇದೇ ಮಾತನ್ನು ಹೇಳಿತು. ಅಲ್ಲಿ ಕೆಲವರಿಗೆ ಸ್ಟೀರಾಯ್ಡ್, ಕೆಲವರಿಗೆ ಬರಿಯ ಉಪ್ಪುನೀರು ಚುಚ್ಚಲಾಗಿತ್ತು. ಒಂದು ವರ್ಷದೊಳಗೆ ನೋವು ಮರುಕಳಿಸಿದ್ದು ಸ್ಟೀರಾಯ್ಡ್ ಪಡೆದವರಲ್ಲಿ ನೂರಕ್ಕೆ 54 ಮಂದಿಗೆ. ಉಪ್ಪುನೀರು ಪಡೆದವರಲ್ಲಿ 12 ಮಂದಿಗೆ ಮಾತ್ರ.

ಸ್ಟೀರಾಯ್ಡ್ ನೋವನ್ನು ಅಡಗಿಸುತ್ತದೆ, ಆದರೆ ಹುರಿಯನ್ನು ಬಲಪಡಿಸುವುದಿಲ್ಲ. ಕೊಲ್ಯಾಜನ್ ತಯಾರಿಸುವ ಜೀವಕೋಶಗಳ ಕೆಲಸವನ್ನು ಅದು ಕುಗ್ಗಿಸುತ್ತದೆ ಕೂಡ. ನೋವಿಲ್ಲವೆಂದು ಧೈರ್ಯಗೊಂಡವರು ಮದುವೆಮನೆಯ ಕೆಲಸಕ್ಕೆ ಪೂರ್ತಿ ಕೈಹಾಕಿದಾಗ ಸವೆದ ಹುರಿಯ ಮೇಲೆ ಇನ್ನಷ್ಟು ಭಾರ ಬೀಳುತ್ತದೆ. ಅಕಿಲೀಸ್ ರಜ್ಜುವಿಗೆ ಸ್ಟೀರಾಯ್ಡ್ ಚುಚ್ಚಿದರೆ ಅದು ಹರಿದೇ ಹೋಗುವ ಅಪಾಯವುಂಟು. ಆದುದರಿಂದ ಆ ಜಾಗದಲ್ಲಿ ಅದನ್ನು ವರ್ಜಿಸುವುದೇ ರೂಢಿ.

ಹಾಗೆಂದು ಸ್ಟೀರಾಯ್ಡನ್ನು ಎಲ್ಲ ಕಡೆಯೂ ಹಗೆಯಂತೆ ಕಾಣಬೇಕಿಲ್ಲ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಬದಿಗೆ ಕಾಣಿಸಿಕೊಳ್ಳುವ ನೋವನ್ನು ಸ್ವಿಟ್ಜರ್‌ಲೆಂಡಿನ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕ್ವೆರ್ವೇನ್ 1895ರಲ್ಲಿ ವರ್ಣಿಸಿದನು. ಹಸುಗೂಸನ್ನು ಪದೇ ಪದೇ ಎತ್ತಿಕೊಳ್ಳುವ ಬಾಣಂತಿಯರಲ್ಲಿ ಇದು ಸಾಮಾನ್ಯ. ಇಲ್ಲಿ ರಜ್ಜು ಹಾದುಹೋಗುವ ಕೊಳವೆಯಂತಹ ಹೊದಿಕೆ ದಪ್ಪಗಾಗಿ ಇರುಕು ಉಂಟಾಗಿರುತ್ತದೆ. ಹೆಬ್ಬೆರಳನ್ನು ಅಲುಗದಂತೆ ಹಿಡಿಯುವ ಪಟ್ಟಿಯೊಡನೆ ಹೊದಿಕೆಯೊಳಕ್ಕೆ ಒಮ್ಮೆ ಸ್ಟೀರಾಯ್ಡ್ ನೀಡಿದರೆ ಬಹಳ ಮಂದಿಗೆ ಗುಣವಾಗುತ್ತದೆ. ಒಂದೇ ಔಷಧಿ ಒಂದು ಜಾಗದಲ್ಲಿ ಉಪಕಾರ, ಇನ್ನೊಂದು ಜಾಗದಲ್ಲಿ ಅಪಕಾರ. ‘ಪಕ್ಕದ ಮನೆಯವರಿಗೆ ಹಾಕಿದ ಇಂಜೆಕ್ಷನ್ನೇ ನನಗೂ ಬೇಕು’ ಎಂದು ಕೇಳಬಾರದೆನ್ನುವುದು ಇದಕ್ಕಾಗಿಯೇ.

ಸ್ವೀಡನ್ನಿನ ವೈದ್ಯನ ಹಿಮ್ಮಡಿ

ರಜ್ಜು ನೋವಿಗೆ ವ್ಯಾಯಾಮವೇ ಮದ್ದೆಂಬ ವಿಚಾರ 1984ರಲ್ಲಿ ಸ್ಟಾನಿಷ್ ಮತ್ತು ಕರ್ವಿನ್ ಎಂಬವರ ಪುಸ್ತಕದಲ್ಲಿಯೇ ಇತ್ತು. ಅದು ಜಗತ್ತಿನ ಗಮನ ಸೆಳೆದದ್ದು ಮಾತ್ರ ಸ್ವೀಡನ್ನಿನ ಊಮಿಯೊ ನಗರದ ಮೂಳೆ ವೈದ್ಯ ಹೋಕಾನ್ ಆಲ್ಫ್ರೆಡ್‌ಸನ್ ಅವರಿಂದ. ಓಟದ ಹವ್ಯಾಸವಿದ್ದ ಅವರಿಗೆ ಹಿಮ್ಮಡಿಯ ರಜ್ಜುವಿನಲ್ಲಿ ಬಿಡದ ನೋವು. ಶಸ್ತ್ರಚಿಕಿತ್ಸೆ ಮಾಡಿರೆಂದು ತಮ್ಮ ಮೇಲಧಿಕಾರಿಯನ್ನು ಕೇಳಿದರು. ಅವರಿಗೆ ರಜೆ ಕೊಟ್ಟರೆ ಆಸ್ಪತ್ರೆಯ ಕೆಲಸ ನಡೆಯದೆಂದು ಮೇಲಧಿಕಾರಿ ಒಪ್ಪಲಿಲ್ಲ. ರಜ್ಜು ಹರಿದೇ ಹೋದರೆ ಆಗಲಾದರೂ ಶಸ್ತ್ರಚಿಕಿತ್ಸೆ ಮಾಡಲೇಬೇಕಾಗುತ್ತದೆಂದು ಯೋಚಿಸಿ, ಆಲ್ಫ್ರೆಡ್‌ಸನ್ ನೋಯುವ ಕಾಲಿನ ಮೇಲೆಯೇ ಭಾರ ಹಾಕಿ ಹಿಮ್ಮಡಿಯನ್ನು ಮೇಲಿಂದ ಕೆಳಗಿಳಿಸುವ ವ್ಯಾಯಾಮವನ್ನು ಬಿರುಸಿನಿಂದ ಆರಂಭಿಸಿದರು. ಹರಿಯಬೇಕಾಗಿದ್ದ ರಜ್ಜು ಹರಿಯಲಿಲ್ಲ. ಇರಬೇಕಾಗಿದ್ದ ನೋವು ಹೊರಟುಹೋಯಿತು!

ಈ ಅನುಭವವನ್ನು ಅವರು ಶಾಸ್ತ್ರೀಯವಾಗಿ ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದರು. ಬಹುಕಾಲದ ಹಿಮ್ಮಡಿ ನೋವಿದ್ದ 15 ಮಂದಿ ಹವ್ಯಾಸಿ ಓಟಗಾರರು ಹನ್ನೆರಡು ವಾರ ಈ ವ್ಯಾಯಾಮ ಮಾಡಿದರು. ಹದಿನೈದು ಮಂದಿಯೂ ಮೊದಲಿನಂತೆ ಓಡತೊಡಗಿದರು. ಚಿಕ್ಕ ಅಧ್ಯಯನವಾದರೂ ಅದು ಹೊಸ ದಾರಿಯನ್ನು ತೆರೆಯಿತು. ಭಾರವನ್ನು ಇಳಿಸುವುದಷ್ಟೇ ಅಲ್ಲದೆ, ಭಾರೀ ತೂಕವನ್ನು ನಿಧಾನವಾಗಿ ಏರಿಸಿ ಇಳಿಸುವ ವ್ಯಾಯಾಮವೂ ಅಷ್ಟೇ ಫಲಕಾರಿಯೆಂದು ಮುಂದೆ 2015ರಲ್ಲಿ ಡೆನ್ಮಾರ್ಕಿನ ಅಧ್ಯಯನವೊಂದು ತೋರಿಸಿತು.

ಹಿಮ್ಮಡಿ ನೋವಿನ ಈ ವ್ಯಾಯಾಮ ಹೀಗಿದೆ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲನ್ನಷ್ಟೇ ಊರಿ, ಗೋಡೆಯನ್ನೋ ಕಂಬಿಯನ್ನೋ ಹಿಡಿದು ನಿಲ್ಲಬೇಕು. ನೋವಿಲ್ಲದ ಕಾಲಿನ ಬಲದಿಂದ ಹಿಮ್ಮಡಿಗಳನ್ನು ಮೇಲೆತ್ತಿ, ಅನಂತರ ಭಾರವನ್ನೆಲ್ಲ ನೋವಿನ ಕಾಲಿಗೆ ವರ್ಗಾಯಿಸಿ, ಹಿಮ್ಮಡಿಯನ್ನು ಮೆಟ್ಟಿಲಿನ ಮಟ್ಟಕ್ಕಿಂತ ಕೆಳಕ್ಕೆ ನಿಧಾನವಾಗಿ ಇಳಿಸಬೇಕು. ಹದಿನೈದು ಸಲಕ್ಕೆ ಒಂದು ಸುತ್ತು. ಮಂಡಿಯನ್ನು ನೇರವಾಗಿಟ್ಟು ಮೂರು ಸುತ್ತು, ತುಸು ಬಗ್ಗಿಸಿ ಮೂರು ಸುತ್ತು, ಹೀಗೆ ದಿನಕ್ಕೆ ಎರಡು ಬಾರಿ, ಹನ್ನೆರಡು ವಾರ. ಆಲ್ಫ್ರೆಡ್‌ಸನ್ ಅವರ ಈ ಕ್ರಮ ಓಟಗಾರರಿಗೆ ಹೇಳಿದ್ದು. ವಯಸ್ಸಾದವರು, ತೂಲ ತಪ್ಪುವವರು ಎರಡೂ ಕಾಲಿನ ಮೇಲೆ ಭಾರ ಹಂಚಿಕೊಂಡು, ಕಡಿಮೆ ಸುತ್ತುಗಳಿಂದ ಆರಂಭಿಸಬೇಕು. ನೋವು ರಜ್ಜುವಿನ ನಡುಭಾಗದಲ್ಲಿರದೆ ಹಿಮ್ಮಡಿಯ ಮೂಳೆಗೆ ಅಂಟುವ ಜಾಗದಲ್ಲಿದ್ದರೆ ಮೆಟ್ಟಿಲು ಬೇಡ. ಸಮನಾದ ನೆಲದ ಮೇಲೆಯೇ ಮಾಡಬೇಕು.

ಮೊಣಕೈಗೆ ಮನೆಯ ವ್ಯಾಯಾಮ

ಇದಕ್ಕೆ ಬೇಕಾದದ್ದು ಒಂದು ಮೇಜು, ಒಂದು ನೀರಿನ ಬಾಟಲಿ. ಅರ್ಧ ಲೀಟರ್ ನೀರು ತುಂಬಿದರೆ ಅರ್ಧ ಕಿಲೋ ತೂಕವಾಯಿತು. ಹೆಚ್ಚು ಕಡಿಮೆ ಮಾಡುವುದು ಸುಲಭ.

ಮೊದಲ ಹಂತ: ಮುಂಗೈಯನ್ನು ಮೇಜಿನ ಮೇಲೆ ಊರಿ, ಹಸ್ತ ಮಾತ್ರ ಅಂಚಿನಿಂದ ಹೊರಗಿರುವಂತೆ, ಅಂಗೈ ಕೆಳಮುಖವಾಗಿರಲಿ. ಇನ್ನೊಂದು ಕೈಯಿಂದ ಹಸ್ತದ ಹಿಂಬದಿಯನ್ನು ಒತ್ತಿಹಿಡಿಯಿರಿ. ನೋವಿನ ಕೈ ಮೇಲಕ್ಕೆ ಏಳಲು ಯತ್ನಿಸಲಿ, ಇನ್ನೊಂದು ಕೈ ಬಿಡದಿರಲಿ. ಹಸ್ತ ಅಲುಗಬಾರದು. ಮೂವತ್ತರಿಂದ ನಲವತ್ತೈದು ಸೆಕೆಂಡು ಹೀಗೆ ಬಿಗಿಹಿಡಿದು ಸಡಿಲಿಸಿ, ಐದು ಸಲ ಮಾಡಿರಿ. ನೋವು ಹೆಚ್ಚಾಗಿರುವಾಗಲೂ ಇದನ್ನು ಬಹುಮಂದಿ ತಾಳಿಕೊಳ್ಳಬಲ್ಲರು.

ಎರಡನೆಯ ಹಂತ: ಅದೇ ಭಂಗಿಯಲ್ಲಿ ಬಾಟಲಿಯನ್ನು ಹಿಡಿದು, ಇನ್ನೊಂದು ಕೈಯ ಸಹಾಯದಿಂದ ಹಸ್ತವನ್ನು ಮೇಲೆತ್ತಿರಿ. ಸಹಾಯದ ಕೈಯನ್ನು ಬಿಟ್ಟು, ಮನಸ್ಸಿನಲ್ಲಿ ಐದರವರೆಗೆ ಎಣಿಸುತ್ತ ಹಸ್ತವನ್ನು ನಿಧಾನವಾಗಿ ಕೆಳಗಿಳಿಸಿರಿ. ಹತ್ತರಿಂದ ಹದಿನೈದು ಸಲದಂತೆ ಮೂರು ಸುತ್ತು, ನಡುವೆ ಒಂದೆರಡು ನಿಮಿಷ ಬಿಡುವು.

ಮೂರನೆಯ ಹಂತ: ಸಹಾಯವಿಲ್ಲದೆ ಎತ್ತುವುದು ಮತ್ತು ಇಳಿಸುವುದು. ಸುಲಭವೆನಿಸಿದಂತೆ ತೂಕವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬೇಕು. ಇದರೊಡನೆ ಹೆಗಲಿನ ವ್ಯಾಯಾಮಗಳನ್ನೂ ಸೇರಿಸಿದರೆ ಒಳ್ಳೆಯದು.

ವ್ಯಾಯಾಮ ಮಾಡುವಾಗ ನೋಯುತ್ತದೆಯಲ್ಲ ಎಂಬ ಅಂಜಿಕೆ ಎಲ್ಲರಿಗೂ ಸಹಜ. ಸೊನ್ನೆಯಿಂದ ಹತ್ತರವರೆಗೆ ನೋವನ್ನು ಅಳೆಯುವುದಾದರೆ, ನಾಲ್ಕರ ಒಳಗಿನ ನೋವಿಗೆ ಹೆದರಬೇಕಾಗಿಲ್ಲ. ಆದರೆ ಆ ನೋವು ಮರುದಿನ ಬೆಳಗಿನ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ತೂಕವನ್ನೋ ಸುತ್ತುಗಳನ್ನೋ ಕಡಿಮೆ ಮಾಡಬೇಕೇ ಹೊರತು ವ್ಯಾಯಾಮವನ್ನೇ ಕೈಬಿಡಬಾರದು. ಮೊದಲ ಮೂರು ನಾಲ್ಕು ವಾರ ಹೇಳಿಕೊಳ್ಳುವಂತಹ ಬದಲಾವಣೆ ಕಾಣದೆ ಹೋಗಬಹುದು. ಬಹಳ ಮಂದಿ ಬಿಟ್ಟುಬಿಡುವುದು ಆಗಲೇ. ಹನ್ನೆರಡು ವಾರ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಹೊರಡಬೇಕು. ಮೊದಲ ಬಾರಿ ಫಿಸಿಯೋಥೆರಪಿ ಬಲ್ಲವರ ಎದುರಿನಲ್ಲಿ ಮಾಡಿ ತೋರಿಸಿ, ತಪ್ಪಿದ್ದರೆ ತಿದ್ದಿಸಿಕೊಳ್ಳುವುದು ಉತ್ತಮ.

ಇತರ ಚಿಕಿತ್ಸೆಗಳ ಬೆಲೆ

ಮೊಣಕೈಯಿಂದ ಎರಡು ಬೆರಳು ಕೆಳಗೆ ಕಟ್ಟುವ ಪಟ್ಟಿ ಕೆಲಸದ ವೇಳೆಯಲ್ಲಿ ಕೆಲವರಿಗೆ ಆರಾಮ ನೀಡುತ್ತದೆ. ರಾತ್ರಿ ಅದನ್ನು ಬಿಚ್ಚಿಡಬೇಕು. ಹಚ್ಚುವ ಡೈಕ್ಲೋಫೆನಾಕ್ ಮುಲಾಮು ಅಲ್ಪಕಾಲಕ್ಕೆ ನೆರವಾದೀತು. ನುಂಗುವ ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ಸೇವಿಸಿದರೆ ಜಠರದಲ್ಲಿ ಹುಣ್ಣಾಗುವ, ಮೂತ್ರಪಿಂಡ ಕೆಡುವ, ರಕ್ತದೊತ್ತಡ ಏರುವ ಅಪಾಯವುಂಟು. ಅಂಗಡಿಯಲ್ಲಿ ಕೇಳಿ ತಂದು ನುಂಗುವ ಅಭ್ಯಾಸ ಸಲ್ಲದು.

ಆಘಾತ ತರಂಗ ಚಿಕಿತ್ಸೆ, ಅಂದರೆ ಶಾಕ್‌ವೇವ್, ಹೆಗಲಿನ ರಜ್ಜುವಿನಲ್ಲಿ ಸುಣ್ಣದಂಶ ಕಟ್ಟಿಕೊಂಡಾಗ ಉಪಯುಕ್ತ. ಹಿಮ್ಮಡಿ ನೋವಿನಲ್ಲಿ ವ್ಯಾಯಾಮದ ಜೊತೆಗೆ ಸೇರಿಸಬಹುದು. ಅದರ ಬದಲಿಗೆ ಅಲ್ಲ. ರೋಗಿಯ ರಕ್ತವನ್ನೇ ತೆಗೆದು, ಅದರ ಕಿರುಬಿಲ್ಲೆಗಳನ್ನು ಬೇರ್ಪಡಿಸಿ ಚುಚ್ಚುವ ಪಿ.ಆರ್.ಪಿ. ಎಂಬ ದುಬಾರಿ ಚಿಕಿತ್ಸೆ ಇಂದು ನಗರಗಳಲ್ಲಿ ಬಹಳ ಪ್ರಚಾರ ಪಡೆದಿದೆ. ಹಿಮ್ಮಡಿ ನೋವಿನ 240 ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದರ ಒಂದು ಚುಚ್ಚುವಿಕೆಗೂ ಸೋಗಿನ ಚುಚ್ಚುವಿಕೆಗೂ ಪರಿಣಾಮದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಾಲ ಮಾಡಿ ಇಂತಹ ಚಿಕಿತ್ಸೆಗೆ ಓಡುವ ಮುನ್ನ ಇದನ್ನು ನೆನಪಿಡುವುದು ಮೇಲು.

ಹಳ್ಳಿಗಳಲ್ಲಿ ನೋವಿನ ಜಾಗಕ್ಕೆ ಬರೆ ಹಾಕಿಸುವವರು ಇಂದಿಗೂ ಇದ್ದಾರೆ. ಚರ್ಮ ಸುಟ್ಟರೆ ಒಳಗಿನ ಹುರಿ ಕೂಡುವುದಿಲ್ಲ. ಸಕ್ಕರೆ ಕಾಯಿಲೆಯಿದ್ದವರಲ್ಲಿ ಆ ಗಾಯವೇ ದೊಡ್ಡ ಕಂಟಕವಾಗುತ್ತದೆ. ಹಿತವಾಗಿ ಎಣ್ಣೆ ಹಚ್ಚಿ ಬಿಸಿನೀರಿನ ಶಾಖ ಕೊಡುವುದಕ್ಕೆ ಅಡ್ಡಿಯಿಲ್ಲ.

ಶಸ್ತ್ರಚಿಕಿತ್ಸೆ ಯಾರಿಗೆ?

ಆರು ತಿಂಗಳಿಂದ ಒಂದು ವರ್ಷ ಕ್ರಮಬದ್ಧವಾಗಿ ವ್ಯಾಯಾಮ ಮಾಡಿಯೂ ಬದುಕು ದುಸ್ತರವಾಗಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಅಲ್ಲಿಯೂ ಅವಸರ ಬೇಡ. ಹೆಗಲು ನೋವಿಗೆ ಬಹುಕಾಲ ನಡೆದುಬಂದ, ಮೂಳೆಯ ಅಂಚನ್ನು ಕೆರೆದು ಜಾಗ ಮಾಡುವ ಶಸ್ತ್ರಚಿಕಿತ್ಸೆಯನ್ನು ಬ್ರಿಟನ್ನಿನಲ್ಲಿ 313 ರೋಗಿಗಳ ಮೇಲೆ ಪರೀಕ್ಷಿಸಿದರು. ಕೆಲವರಿಗೆ ದುರ್ಬೀನು ತೂರಿಸಿ ಒಳಗೆ ನೋಡಿದರೇ ಹೊರತು ಏನನ್ನೂ ಕೆರೆಯಲಿಲ್ಲ. ಇಬ್ಬರಿಗೂ ಆದ ಗುಣ ಹೆಚ್ಚು ಕಡಿಮೆ ಒಂದೇ ಎಂದು 2017ರಲ್ಲಿ ಪ್ರಕಟವಾಯಿತು.

ಆದರೆ ಕೆಲವು ಲಕ್ಷಣಗಳು ಕಂಡರೆ ವ್ಯಾಯಾಮವೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹಿಮ್ಮಡಿಯ ಹಿಂದೆ ಯಾರೋ ಒದ್ದಂತಾಗಿ ‘ಫಟ್’ ಎಂಬ ಸದ್ದಿನೊಡನೆ ನೋವು ಬಂದು ತುದಿಗಾಲಿನಲ್ಲಿ ನಿಲ್ಲಲಾಗದಿದ್ದರೆ ರಜ್ಜು ಹರಿದಿರಬಹುದು. ಬಿದ್ದ ಮೇಲೆ ಕೈಯನ್ನು ಮೇಲೆತ್ತಲಾಗದಿದ್ದರೆ, ಜಾಗ ಕೆಂಪಗಾಗಿ ಜ್ವರ ಬಂದರೆ, ರಾತ್ರಿ ನಿದ್ದೆ ಕೆಡಿಸುವ ನೋವಿದ್ದರೆ, ಕುತ್ತಿಗೆಯಿಂದ ಇಳಿದು ಬೆರಳು ಜೋಮು ಹಿಡಿದರೆ, ಬೆಳಿಗ್ಗೆ ಹಲವು ಕೀಲುಗಳು ಬಿಗಿದಿದ್ದರೆ ಕಾರಣ ಬೇರೆಯೇ ಇರಬಹುದು. ಸಿಪ್ರೋಫ್ಲಾಕ್ಸಸಿನ್, ಲಿವೋಫ್ಲಾಕ್ಸಸಿನ್, ಆಫ್ಲಾಕ್ಸಸಿನ್ ಗುಂಪಿನ ಜೀವಿರೋಧಕ ಮಾತ್ರೆಗಳಿಂದ ರಜ್ಜು ಹರಿಯುವ ಸಾಧ್ಯತೆಯಿದೆಯೆಂದು ಅಮೆರಿಕದ ಔಷಧ ಆಡಳಿತ 2008ರಲ್ಲಿ ಗಂಭೀರ ಎಚ್ಚರಿಕೆ ನೀಡಿತು. ಅರವತ್ತು ದಾಟಿದವರು, ಸ್ಟೀರಾಯ್ಡ್ ಸೇವಿಸುವವರು ಈ ಮಾತ್ರೆಗಳನ್ನು ತೆಗೆದುಕೊಳ್ಳುವಾಗ ರಜ್ಜು ನೋವು ಕಾಣಿಸಿದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಮನೆಯವರಿಗೆ ಒಂದು ಮಾತು

ವೈದ್ಯರು ಚೀಟಿಯಲ್ಲಿ ಬರೆಯಲಾಗದ ಔಷಧಿಯೊಂದಿದೆ: ಮನೆಯ ಕೆಲಸದ ಹಂಚಿಕೆ. ಐವತ್ತು ವರ್ಷದ ತಾಯಿಗೆ ‘ಭಾರ ಹದವಾಗಿರಲಿ’ ಎಂದು ಹೇಳಿ ಕಳುಹಿಸುವುದು ಸುಲಭ. ಆದರೆ ಆಕೆ ಮನೆಗೆ ಹೋದೊಡನೆ ಹತ್ತು ಮಂದಿಗೆ ರೊಟ್ಟಿ ಬಡಿಯಬೇಕಾಗಿದ್ದರೆ, ಬಕೆಟ್ಟುಗಟ್ಟಲೆ ಬಟ್ಟೆ ಹಿಂಡಬೇಕಾಗಿದ್ದರೆ ಆ ಸಲಹೆಗೆ ಅರ್ಥವೇನು? ಹೆಂಗಸರ ಕೈನೋವು ವರ್ಷಗಟ್ಟಲೆ ಉಳಿಯುವುದಕ್ಕೆ ಬಹಳ ಸಲ ರಜ್ಜುವಿನ ದೌರ್ಬಲ್ಯಕ್ಕಿಂತ ಮನೆಯವರ ಮರೆವೇ ಕಾರಣ. ನೋವಿದ್ದೂ ಆಕೆ ಹೇಳುವುದಿಲ್ಲ. ಹೇಳದಿದ್ದರೆ ಯಾರೂ ಕೇಳುವುದಿಲ್ಲ.

ಕೈಯನ್ನು ಪೂರ್ತಿ ಕಟ್ಟಿಹಾಕಿ ಕೂರಿಸಬೇಕೆಂದು ಇದರರ್ಥವಲ್ಲ. ಹಾಗೆ ಮಾಡಿದರೆ ರಜ್ಜು ಇನ್ನಷ್ಟು ಸೊರಗುತ್ತದೆಂಬುದನ್ನು ಮೇಲೆ ನೋಡಿದೆವು. ಮೂರು ತಿಂಗಳ ಮಟ್ಟಿಗೆ ಅತಿಭಾರದ ಕೆಲಸಗಳನ್ನು ಬೇರೆಯವರು ವಹಿಸಿಕೊಂಡರೆ ಸಾಕು. ಬಟ್ಟೆ ಹಿಂಡುವುದನ್ನು ಮಗನು ಮಾಡಲಿ. ನೀರು ತರುವುದನ್ನು ಯಜಮಾನರು ವಹಿಸಿಕೊಳ್ಳಲಿ. ರೊಟ್ಟಿಯನ್ನು ಒಂದೇ ಉಸಿರಿಗೆ ಮೂವತ್ತು ಬಡಿಯುವ ಬದಲು ನಡುನಡುವೆ ಬಿಡುವು ಕೊಟ್ಟು, ಇಬ್ಬರು ಹಂಚಿಕೊಂಡು ಮಾಡಲಿ. ಪಾತ್ರೆಯನ್ನು ಎರಡೂ ಕೈಯಿಂದ, ಅಂಗೈ ಮೇಲ್ಮುಖವಾಗಿ, ಮೈಗೆ ಹತ್ತಿರ ಹಿಡಿದು ಎತ್ತಲಿ. ಸಪೂರ ಹಿಡಿಯ ಚಾಕು, ಸೌಟುಗಳಿಗೆ ಬಟ್ಟೆ ಸುತ್ತಿ ಹಿಡಿಯನ್ನು ದಪ್ಪ ಮಾಡಿಕೊಂಡರೆ ಮುಷ್ಟಿ ಅಷ್ಟು ಬಿಗಿಯಬೇಕಾಗುವುದಿಲ್ಲ. ವ್ಯಾಯಾಮಕ್ಕೆಂದು ದಿನದಲ್ಲಿ ಇಪ್ಪತ್ತು ನಿಮಿಷವನ್ನು ಆಕೆಗಾಗಿಯೇ ಬಿಟ್ಟುಕೊಡಲಿ. ಕೂಲಿ ಮಾಡಿ ಉಣ್ಣುವವರಿಗೆ, ಹೊಲಿಗೆಯನ್ನೇ ನಂಬಿದವರಿಗೆ ಕೆಲಸ ಬಿಡುವುದು ಸಾಧ್ಯವಿಲ್ಲ. ಅವರು ಒಂದೇ ಬಗೆಯ ಕೆಲಸವನ್ನು ಸತತವಾಗಿ ಮಾಡದೆ, ಬೇರೆ ಕೆಲಸದೊಡನೆ ಅದಲುಬದಲು ಮಾಡಿಕೊಂಡರೂ ಬಹಳಷ್ಟು ಉಪಶಮನ ಕಂಡೀತು.

ಗುಣವಾದ ಮೇಲೂ ಸ್ಕ್ಯಾನಿಂಗಿನಲ್ಲಿ ರಜ್ಜು ಮೊದಲಿನಂತೆಯೇ ಸವೆದಂತೆ ಕಾಣಬಹುದು. ಅದಕ್ಕೆ ಎದೆಗುಂದಬೇಕಾಗಿಲ್ಲ. ಸವೆದ ಭಾಗದ ಸುತ್ತಲಿನ ಗಟ್ಟಿ ಎಳೆಗಳು ಬಲಗೊಂಡು ಭಾರ ಹೊರಲು ಕಲಿತಿರುತ್ತವೆ. ನಾವು ನೋಡಬೇಕಾದದ್ದು ಚಿತ್ರವನ್ನಲ್ಲ, ಕೈಯ ಕೆಲಸವನ್ನು. ವ್ಯಾಯಾಮವನ್ನು ಮಾತ್ರ ನೋವು ಹೋದ ದಿನವೇ ನಿಲ್ಲಿಸದೆ ವಾರಕ್ಕೆ ಎರಡು ಮೂರು ದಿನವಾದರೂ ಮುಂದುವರಿಸಬೇಕು.

ಟೆನಿಸ್ ಎಲ್ಬೋ ಬಂದವರಲ್ಲಿ ಬಹುಪಾಲು ಮಂದಿ ಒಂದು ವರ್ಷದೊಳಗೆ ಗುಣ ಕಾಣುತ್ತಾರೆ. ಆ ವರ್ಷವನ್ನು ನರಳಿ ಕಳೆಯುವುದೋ, ಹದವರಿತ ದುಡಿಮೆಯಿಂದ ಮತ್ತು ಮನೆಯವರ ಆಸರೆಯಿಂದ ಕಳೆಯುವುದೋ ಎಂಬುದು ನಮ್ಮ ಕೈಯಲ್ಲಿಯೇ ಇದೆ. ಈ ಪುಟವನ್ನು ಓದಿ ಮುಗಿಸಿದವರು ತಮ್ಮ ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಇಂದೇ ಒಮ್ಮೆ ‘ಕೈ ಹೇಗಿದೆ?’ ಎಂದು ವಿಚಾರಿಸಲಿ. ಚಿಕಿತ್ಸೆ ಆ ಪ್ರಶ್ನೆಯಿಂದಲೇ ಆರಂಭವಾಗುತ್ತದೆ.